ಕುದುರೆಯಿಲ್ಲದೆ ಬಿದ್ದವನ ಆಗ್ರಹ

ಪೆಟ್ಟು ಬಿದ್ದದ್ದು ನನ್ನ ಬೆನ್ನಿನ ಬುಡಕ್ಕೆ. ಅನ್ಯಾಯವಾದದ್ದು ಪಕ್ಕದ ಮನೆಯ ರಸೆಲ್ ಅವರಿಗೆ. ಎರಡಕ್ಕೂ ಅಮೆರಿಕದ ಬೆಲ್‌ವ್ಯೂನ ನಮ್ಮ ಕನ್ನಡ ಬಳಗವೇ ಹೊಣೆ.

ಎಂಬತ್ತು ದಾಟಿದ ರಸೆಲ್ ಯೌವನದಲ್ಲಿ ಅಗ್ಗದ ಕೌಬಾಯ್ ಚಿತ್ರಗಳ ಸ್ಟಂಟ್ ನಟ. ನಾಯಕನ ಬದಲು ಕುದುರೆಯಿಂದ ಬೀಳುವುದು, ಖಳನಾಯಕನ ಬದಲು ಕಿಟಕಿ ಒಡೆದು ಹಾರುವುದು ಅವರ ಕಾಯಕ. ತೆರೆಯ ಮೇಲೆ ಅವರ ಹೆಸರು ಮಾತ್ರ ಎಂದೂ ಬರಲಿಲ್ಲ. "ಒಮ್ಮೆಯಾದರೂ ಜನರೆದುರು ಯಾರಾದರೂ ನನ್ನ ಹೆಸರು ಹೇಳಿದ್ದರೆ ಚೆನ್ನಾಗಿತ್ತು" ಎಂದು ಅವರು ಬೇಲಿಯಾಚೆಯಿಂದ ಅಂದದ್ದೇ ತಡ, ನನ್ನೊಳಗಿನ ಹೋರಾಟಗಾರ ಎದ್ದು ನಿಂತ. ಶ್ರಮಕ್ಕೆ ಅವಮಾನ! ಬಂಡವಾಳದ ಕ್ರೌರ್ಯ! ರಾಜ್ಯೋತ್ಸವದಲ್ಲಿ ಸನ್ಮಾನ ಮಾಡಿಸಿಯೇ ತೀರುತ್ತೇನೆಂದು ಘೋಷಿಸಿದೆ.

"ರೀ, ಹೋದ್ಸಲ ಪ್ಲಾಸ್ಟಿಕ್ ತಟ್ಟೆ ಬ್ಯಾನ್ ಮಾಡ್ಸಿ, ಬೇರೆ ತಟ್ಟೆ ತರಿಸೋದೇ ಮರೆತ್ರಲ್ಲ, ನೆನಪಿದ್ಯಾ?" ಎಂದಳು ಹೆಂಡತಿ ಶೈಲಾ.

ನೆನಪಿರಲಿಲ್ಲ.

ರಾಜ್ಯೋತ್ಸವದ ದಿನ ರಸೆಲ್ ಅವರಿಗೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಕ್ರಮವಾಗಿ ಸಂದವು. ನಿರೂಪಣೆ ನನ್ನದು, ಅಭಿನಂದನಾ ಭಾಷಣವೂ ನನ್ನದೇ. "ಈ ಮಹನೀಯರು", "ಈ ಹಿರಿಯ ಚೇತನ" ಎಂದು ಗೌರವ ತುಂಬಿ, ಚಿತ್ರೋದ್ಯಮದ ಒಂದೊಂದು ಅಪರಾಧವನ್ನೂ ಬಿಡದೆ ಹೆಸರಿಸಿದೆ. ಸಭೆ ಆಕಳಿಸಿತು. ಶೋಷಣೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಮಡಿಸುವ ಕುರ್ಚಿಯೊಂದನ್ನು ಕುದುರೆಯೆಂದು ಭಾವಿಸಿ ಹತ್ತಿದೆ. ಕುರ್ಚಿ ತನ್ನ ಧರ್ಮವನ್ನು ಪಾಲಿಸಿತು. ಮಡಚಿಕೊಂಡಿತು! ನಾನು ಬುಟ್ಟಿಯ ಅನಾನಸಿನ ಮೇಲೆ ಆಸೀನನಾದೆ.

ಮೊದಲು ಚಪ್ಪಾಳೆ ತಟ್ಟಿದವರು ರಸೆಲ್. ಅಭಿನಯವೆಂದುಕೊಂಡಿದ್ದರಂತೆ.

ನನ್ನನ್ನು ಹೊತ್ತೊಯ್ಯುವಾಗ ವಂದನಾರ್ಪಣೆ ನಡೆದಿತ್ತು. ಪ್ರಾಯೋಜಕರು, ಮೈಕಿನವರು, ಪಾರ್ಕಿಂಗ್ ನೋಡಿಕೊಂಡವರು, ಆ ಕುರ್ಚಿ ತಂದವರು, ಎಲ್ಲರ ಹೆಸರೂ ಕೇಳಿಸಿತು.

ಮರುದಿನ ರಸೆಲ್ ಪೇಟ ಧರಿಸಿಯೇ ನೋಡಲು ಬಂದರು. ನಾನು ಬೋರಲು ಮಲಗಿದ್ದೆ. "ನಿಮ್ಮ ಭಾಷೆ ಬಹಳ ಇಂಪಾಗಿದೆ" ಎಂದರು ಇಂಗ್ಲಿಷಿನಲ್ಲಿ. "ಕಿವಿಗೊಟ್ಟು ಕೂತಿದ್ದೆ. ಅಷ್ಟು ಮಾತಿನಲ್ಲಿ ನನ್ನ ಹೆಸರು ಎಲ್ಲಿ ಬಂತು?"

ನಾನು ಶೈಲಾಳತ್ತ ಕತ್ತು ಹೊರಳಿಸಿದೆ.

"ನನ್ನನ್ಯಾಕ್ರೀ ನೋಡ್ತೀರಾ? ಮಾತೆತ್ತಿದ್ರೆ ಮಹನೀಯರು, ಮಹನೀಯರು. ಹೆಸರು ಎಲ್ ಹೇಳಿದ್ರಿ?"

ಆದುದರಿಂದ ಬಳಗದ ಸಾಂಸ್ಕೃತಿಕ ಕಾರ್ಯದರ್ಶಿಯವರಲ್ಲಿ ನನ್ನ ಆಗ್ರಹ: ಬರುವ ಯುಗಾದಿ ಸಮಾರಂಭದಲ್ಲಿ, ಪ್ರಾರ್ಥನೆ ಮುಗಿದೊಡನೆ, ಪ್ರಾಯೋಜಕರಿಗಿಂತ ಮೊದಲು, ರಸೆಲ್ ಅವರ ಪೂರ್ಣ ಹೆಸರನ್ನು ಮೈಕಿನಲ್ಲಿ ಹೇಳತಕ್ಕದ್ದು. ಭಾಷಣ ಮಾಡತಕ್ಕದ್ದಲ್ಲ.

ಆ ಕಾರ್ಯದರ್ಶಿ ನಾನೇ. ಸದ್ಯಕ್ಕೆ ಕೂರಲಾರೆ, ನಿಂತೇ ಹೇಳುತ್ತೇನೆ.