ಇಟಲಿ, ಜರ್ಮನಿ ಮತ್ತು ಶೇಂಗಾ ಹೋಳಿಗೆ

ಮನುಷ್ಯ ಒಂದು ಕೆಲಸವನ್ನು ಚೆನ್ನಾಗಿ ಮಾಡಿ ತೋರಿಸಬಾರದು. ತೋರಿಸಿದರೆ ಇನ್ನೊಂದು ಹೆಗಲೇರುತ್ತದೆ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಪರದೇಶದ ಗಿರಾಕಿಗಳೊಡನೆ ಮಾತಾಡುವುದು ನನ್ನ ಕೆಲಸ. ನಮ್ಮ ಕೆಂಪು ಕಲ್ಲು ಕೊಳ್ಳಲು ಚೀನಾದವರು ಬರುತ್ತಿದ್ದ ಕಾಲದಲ್ಲಿ ಹಟ ಹಿಡಿದು ಚೀನೀ ಭಾಷೆ ಕಲಿತೆ. ಅದರಲ್ಲಿ ದನಿ ಏರಿಸಿ ಇಳಿಸಬೇಕು. ನನಗೋ ದನಿಯ ಜೊತೆ ಕತ್ತೂ ಏರಿಳಿಯುತ್ತಿತ್ತು. ಹೆಂಡತಿ ಶಾಂತಾ ನನ್ನ ಕತ್ತು ಉಳುಕಿದೆಯೆಂದು ತಿಳಿದು ದವಾಖಾನೆಗೆ ಹೊರಡಿಸಿದ್ದಳು.

ಈಗ ಚೀನಾದವರು ಬರುವುದು ಕಡಿಮೆಯಾಗಿದೆ. ಮಾಲೀಕರಾದ ಇಸ್ಮಾಯಿಲ್ ಸಾಹೇಬರು ಒಂದು ದಿನ ಕರೆದು, "ಚೀನಿ ಮಾತು ಕಲ್ತವರಿಗೆ ಉಳದದ್ದು ಯಾವ ಲೆಕ್ಕ ಬಿಡ್ರಿ. ಇಟಲಿಯವರದು ಕಲೀತೀರೋ, ಜರ್ಮನಿಯವರದೋ? ರಂಜಾನ್ ಮುಗಿಯೂದ್ರೊಳಗ ಹೇಳ್ರಿ. ಇಲ್ಲಂದ್ರ ಬ್ಯಾರೆಯವರನ್ನ ನೋಡ್ತೇನಿ" ಎಂದರು. ನಗುತ್ತಲೇ ಅಂದರು, ಆದರೆ ನನಗೆ ಅಂದು ಊಟ ಸೇರಲಿಲ್ಲ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಹುನಗುಂದದಲ್ಲಿ ಚೀನೀ ಟ್ಯೂಷನ್ ಹೇಳಿಕೊಂಡು ಬದುಕಲಾದೀತೇ?

ಯಾವುದನ್ನು ಆರಿಸುವುದು? ಇಟಲಿಯವರು ನಮ್ಮ ಕಲ್ಲನ್ನು ಮನೆಯ ನೆಲಕ್ಕೆ ಹಾಸುತ್ತಾರೆ, ಜರ್ಮನಿಯವರು ಗೋರಿಯ ಮೇಲೆ ನಿಲ್ಲಿಸುತ್ತಾರೆ. ಗೋರಿಯ ಗಿರಾಕಿಗೆ ನಮ್ಮ ರೂಢಿಯಂತೆ ಮತ್ತೆ ಮತ್ತೆ ಬರುತ್ತಿರಿ ಎನ್ನುವುದು ಹೇಗೆ? ಅಲ್ಲದೆ ಚೀನೀ ಭಾಷೆ ನನ್ನನ್ನು ಕೆಡಿಸಿಬಿಟ್ಟಿತ್ತು. ಅಲ್ಲಿ ಕುರ್ಚಿ ಗಂಡೋ ಹೆಣ್ಣೋ ಎಂಬ ವಿಚಾರಣೆಯೇ ಇಲ್ಲ. ನಿನ್ನೆಯ ಕ್ರಿಯಾಪದ ನಾಳೆಗೂ ನಡೆಯುತ್ತದೆ. ಇಟಾಲಿಯನ್ನಿನಲ್ಲಿ ಕುರ್ಚಿ ಹೆಣ್ಣಂತೆ. ಜರ್ಮನ್ನಿನಲ್ಲಿ ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ಎರಡೂ ಅಲ್ಲ. ಚಮಚದ ಜಾತಕ ನೋಡಿ ಊಟಕ್ಕೆ ಕೂಡುವ ಜನ ಯಾವಾಗ ಉಣ್ಣುತ್ತಾರೆ ಎಂದು ಶಾಂತಾ ಕೇಳಿದಳು.

ಅದು ಬೇಗನೇ ತಿಳಿಯಿತು. ಬಾದಾಮಿ ನೋಡಿಕೊಂಡು ಬಂದ ಜರ್ಮನಿಯ ಗಿರಾಕಿಯೊಬ್ಬರನ್ನು ಸಾಹೇಬರು ನಮ್ಮ ಮನೆಗೇ ಊಟಕ್ಕೆ ಕಳಿಸಿದರು. ಚೀನೀ ಅತಿಥಿಗಳ ಅನುಭವವಿದ್ದ ನಾನು ಹೆಂಡತಿಗೆ ಮೊದಲೇ ಹೇಳಿಕೊಟ್ಟಿದ್ದೆ: ತಟ್ಟೆಯಲ್ಲಿ ಸ್ವಲ್ಪ ಬಿಟ್ಟರೆ ಹೊಟ್ಟೆ ತುಂಬಿತೆಂದು ಅರ್ಥ, ಅಲ್ಲಿಯವರೆಗೂ ಬಡಿಸು. ಆ ಮಹಾನುಭಾವರಿಗೋ ತಟ್ಟೆಯಲ್ಲಿ ಬಿಡುವುದು ಮರ್ಯಾದೆಯಲ್ಲ. ಅವರು ಖಾಲಿ ಮಾಡಿದಂತೆಲ್ಲ ಇವಳು ಶೇಂಗಾ ಹೋಳಿಗೆ ಹಾಕಿ ತುಪ್ಪ ಸುರಿದಳು. ಅವರು 'ನೋ' ಎಂದರು ನಿಜ. ಆದರೆ ನಮ್ಮ ಕಡೆ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗುವವರೆಗೆ ಬೇಡವೆನ್ನುವುದು ಬರೀ ಸಂಕೋಚ. ನಾನು ಪಕ್ಕದಲ್ಲೇ ಕೂತು, ಎಂಥ ಊಟಗಾರ ಎಂದು ಮೆಚ್ಚುತ್ತಿದ್ದೆ. ಅವರ ಹಣೆಯ ಬೆವರು ಕಂಡದ್ದು ಶಾಂತಾಳಿಗೆ.

"ಪಾಪ, ಅವರಿಗೆ ಸಾಕಾಗೇತ್ರಿ. ಅವರ ಮಾತಿನ್ಯಾಗ 'ಸಾಕೇನ್ರಿ' ಅಂತ ಹೆಂಗ ಕೇಳೂದು?"

ನನಗೆ ಚೀನೀ ಭಾಷೆಯಲ್ಲಿ ಮಾತ್ರ ಗೊತ್ತಿತ್ತು. ಅವಳು ಮೊಬೈಲನ್ನು ಕೇಳಿ ತಿಳಿದು ಹಾಗೆಯೇ ಅಂದಳು. ಆ ಮನುಷ್ಯ ಎದ್ದು ನಿಂತು ಕೈಮುಗಿದರು.

ಅಂದಿನಿಂದ ಅವಳು ರೊಟ್ಟಿ ಬಡಿಯುತ್ತಾ ಮೊಬೈಲಿನಲ್ಲಿ ಜರ್ಮನ್ ಪಾಠ ಕೇಳತೊಡಗಿದಳು. ನಾನು ಇಟಲಿಯೋ ಜರ್ಮನಿಯೋ ಎಂದು ಅಳೆದು ಸುರಿಯುವುದರಲ್ಲೇ ಇದ್ದೆ. ಈದ್ ಬಂತು. ಹಾಲು, ಶಾವಿಗೆಯ ಸುರಕುಂಬಾ ಕುಡಿಯಲು ನಾವಿಬ್ಬರೂ ಸಾಹೇಬರ ಮನೆಗೆ ಹೋದಾಗಲೂ ನನ್ನ ಉತ್ತರ ಸಿದ್ಧವಾಗಿರಲಿಲ್ಲ. ಅಷ್ಟರಲ್ಲಿ ಸಾಹೇಬರ ಮೊಬೈಲಿಗೆ ಅದೇ ಜರ್ಮನ್ ಗಿರಾಕಿಯ ವಿಡಿಯೋ ಕರೆ ಬಂತು. ಶಾಂತಾ ಮುಂದೆ ಬಾಗಿ, ಊಟವಾಯಿತೇ ಎಂದು ಅವರ ಭಾಷೆಯಲ್ಲೇ ಕೇಳಿದಳು. ಆಮೇಲೆ ಅವಳು ತಡವರಿಸುತ್ತಾ, ಅವರು ನಗುತ್ತಾ, ಅವಳ ಸುರಕುಂಬಾ ಆರುವವರೆಗೆ ಮಾತಾಡಿದರು.

ಸಾಹೇಬರು ನನ್ನತ್ತ ತಿರುಗಿದರು. "ಜರ್ಮನಿದು ಚಿಂತಿಲ್ಲ, ಅಕ್ಕಾರು ನಾಳಿಂದ ಆಫೀಸಿಗೆ ಬರ್ಲಿ. ನೀವು ಇಟಲಿದು ಕಲೀರಿ."

ಹೀಗೆ ನನ್ನ ಕೆಲಸ ಉಳಿಯಿತು. ನನಗೆ ನಿಜಕ್ಕೂ ಸಂತೋಷವಾಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಇಟಾಲಿಯನ್ನನ್ನೇ ಯಾಕೆ ಆರಿಸಿದಿರಿ ಎಂದು ಈಗ ಯಾರಾದರೂ ಕೇಳಿದರೆ ಸಂಗೀತ, ಶಿಲ್ಪ, ನಾದಮಾಧುರ್ಯ ಎಂದು ಗಂಭೀರವಾಗಿ ವಿವರಿಸುತ್ತೇನೆ. ಎದುರು ಮೇಜಿನಿಂದ ಶಾಂತಾ ಜರ್ಮನ್ನಿನಲ್ಲಿ ಏನೋ ಅಂದು ನಗುತ್ತಾಳೆ. ಅದೇನೆಂದು ತಿಳಿಯುವುದಕ್ಕಾದರೂ ನಾನು ಜರ್ಮನ್ ಕಲಿಯಲೇಬೇಕಾಗಿದೆ.