ಕೊನೆಯ ರೀಲು ಮತ್ತು ನಲ್ಲಿ ನೀರು

ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳಲು ಅದನ್ನು ಪೂರ್ತಿ ನೋಡಿರಬೇಕು ಎಂಬ ನಿಯಮ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಇರಲಿಲ್ಲ. ಇದ್ದಿದ್ದರೆ ನಮ್ಮ ಚಾಳದಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ. ನಾನು ಕನ್ನಡ ಶಾಲೆಯ ಮಾಸ್ತರ. ಪಾಠವನ್ನು ಕೊನೆಯ ಸಾಲಿನವರೆಗೆ ಓದಿ ಬನ್ನಿ ಎಂದು ಮಕ್ಕಳಿಗೆ ದಿನವೂ ಹೇಳುತ್ತಿದ್ದವನು. ಆದರೆ ಮದುವೆಯಾಗಿ ಇಲ್ಲಿ ಸಂಸಾರ ಹೂಡಿದ ಮೇಲೆ ಬಹಳ ವರ್ಷ ಒಂದು ಸಿನಿಮಾದ ಕೊನೆಯನ್ನೂ ನೋಡಲು ನನಗೆ ಸಾಧ್ಯವಾಗಲಿಲ್ಲ. ಇಂಥ ಊರಿನಲ್ಲಿ, ಇಂಥ ಹೆಂಡತಿಯೊಡನೆ ಬಾಳಿದರೆ ಇಂಥವು ನಡೆಯುತ್ತಲೇ ಇರುತ್ತವೆ.

ಬಾಗಿಲ ಪಕ್ಕದ ಕುರ್ಚಿ

ಒಂದೊಂದು ಕೋಣೆಯ ಮನೆಗಳು, ಅಂದರೆ ಖೋಲಿಗಳು, ಸಾಲಾಗಿದ್ದ ನಮ್ಮ ಚಾಳಕ್ಕೆಲ್ಲ ಅಂಗಳದಲ್ಲಿ ಒಂದೇ ನಲ್ಲಿ. ಸಂಜೆ ಆರಕ್ಕೆ ಸ್ವಲ್ಪ ಮೊದಲು ನೀರು ಬರುತ್ತಿತ್ತು, ಅರ್ಧ ತಾಸಿನಲ್ಲಿ ನಿಲ್ಲುತ್ತಿತ್ತು. ಮೂರು ಗಂಟೆಯ ಮ್ಯಾಟಿನಿ ಮುಗಿಯುತ್ತಿದ್ದುದು ಆರು ದಾಟಿದ ಮೇಲೆ. ಮೂರು ತಾಸಿಗಿಂತ ಕಡಿಮೆಯಲ್ಲಿ ಯಾವ ತಾಯಿಗೂ ಕಳೆದುಹೋದ ಮಗ ಸಿಗಬಾರದು ಎಂದು ಹಿಂದಿ ಸಿನಿಮಾದವರು ತೀರ್ಮಾನಿಸಿದ್ದರು. ನಗರಪಾಲಿಕೆಯವರನ್ನು ಒಂದು ಮಾತು ಕೇಳಿರಲಿಲ್ಲ.

ಆದ್ದರಿಂದ ನನ್ನ ಹೆಂಡತಿ ಯಾವಾಗಲೂ ಬಾಗಿಲ ಪಕ್ಕದ ಎರಡು ಕುರ್ಚಿ ಹಿಡಿಯುತ್ತಿದ್ದಳು. ಅವಳಿಗೆ ಕೈಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾಯಕಿಯನ್ನು ಕಂಬಕ್ಕೆ ಕಟ್ಟಿದರೆಂದರೆ ನೀರು ಬರುವ ಹೊತ್ತಾಯಿತು. ಎಲ್ಲ ಸಿನಿಮಾಗಳಲ್ಲೂ ನಾಯಕಿಯನ್ನು ಕಟ್ಟುವ ಹೊತ್ತು ಒಂದೇ. ನಮ್ಮ ಲೋಕಲ್ ಗಾಡಿಗಳೂ ಇಷ್ಟು ಶಿಸ್ತಿನಿಂದ ಓಡುತ್ತಿರಲಿಲ್ಲ. ಹಗ್ಗ ಕಂಡ ಕೂಡಲೇ ಅವಳು ಸೆರಗು ಸರಿಪಡಿಸಿಕೊಂಡು, “ಏಳ್ರೀ” ಎನ್ನುತ್ತಿದ್ದಳು. ಅವಳು ಎದ್ದುದನ್ನು ನೋಡಿ ನಮ್ಮ ಗಲ್ಲಿಯ ಉಳಿದ ಹೆಂಗಸರೂ ಏಳುತ್ತಿದ್ದರು. ಕಂಬಕ್ಕೆ ಕಟ್ಟಿಸಿಕೊಂಡ ನಾಯಕಿ ಕಾಪಾಡಿ ಎಂದು ಕೂಗುತ್ತಿದ್ದಳು, ನಾವೆಲ್ಲ ಸಾಲಾಗಿ ಹೊರಗೆ ಹೋಗುತ್ತಿದ್ದೆವು.

ಒಂದು ದಿನ ನಾಯಕಿಗೆ ಹಗ್ಗ ಬಿದ್ದ ಕೂಡಲೇ ರೂಢಿಯಂತೆ ಎದ್ದು ಬಾಗಿಲಿಗೆ ಹೋದೆವು. ನಮ್ಮನ್ನು ವರ್ಷಗಳಿಂದ ಬಲ್ಲ ಬಾಗಿಲ ಕಾವಲಿನವನು ಟಾರ್ಚನ್ನು ನೆಲಕ್ಕೆ ಹಿಡಿದು ಮರಾಠಿಯಲ್ಲಿ ಮೆಲ್ಲಗೆ ಹೇಳಿದ: “ಹೋಗಿ ಕೂತ್ಕೊಳ್ಳಿ ತಾಯಿ. ಈ ಪಿಕ್ಚರಿನಲ್ಲಿ ಅವಳನ್ನು ಎರಡು ಸಲ ಕಟ್ಟುತ್ತಾರೆ. ಇದು ಮೊದಲನೆಯದು.”

ದಾರಿಯಲ್ಲಿ ಮುಗಿಯುತ್ತಿದ್ದ ಕತೆ

ಕೊನೆ ನೋಡದೆ ಬಂದದ್ದಕ್ಕೆ ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ಉರಿಯುತ್ತಿರಲಿಲ್ಲ. ಥಿಯೇಟರಿನಿಂದ ಚಾಳದವರೆಗಿನ ದಾರಿಯಲ್ಲಿ, ಭಾಜಿ-ತರಕಾರಿ ಮಾರುವವರ ಬುಟ್ಟಿಗಳನ್ನು ದಾಟುತ್ತ, ಉಳಿದ ಕತೆಯನ್ನು ಅವಳೇ ಮುಗಿಸುತ್ತಿದ್ದಳು. ನಾನು ಸುಮ್ಮನೆ ಕೇಳಬೇಕು, ನಡುವೆ ತಿದ್ದಬಾರದು.

ಅವಳ ಕತೆಗಳಲ್ಲಿ ಖಳನಾಯಕ ಸಾಯುತ್ತಿರಲಿಲ್ಲ. ಅವನಿಗೆ ಅಷ್ಟು ಸುಲಭದ ಶಿಕ್ಷೆ ಕೊಡಲು ಅವಳು ಒಪ್ಪುತ್ತಿರಲಿಲ್ಲ. “ಸಾಯೂದೇನು ದೊಡ್ಡ ಮಾತ್ರೀ? ಒಂದ ಗುಂಡಿನ್ಯಾಗ ಮುಗೀತದ. ಅವನ್ನ ನಮ್ಮ ಚಾಳಕ್ಕ ಕರಕೊಂಡ ಬರ್ರಿ. ದಿನಾ ಮುಂಜಾನಿ ಗಾಡಿಗೆ ಜೋತುಬಿದ್ದು ನೌಕರಿಗೆ ಹೋಗಲಿ, ಸಂಜಿಕೆ ಬಂದು ನೀರಿಗೆ ನಿಲ್ಲಲಿ.” ಹೀಗೆ ಅವಳು ನಮ್ಮ ಚಾಳದಲ್ಲಿ ಎಷ್ಟು ಖಳನಾಯಕರಿಗೆ ಖೋಲಿ ಕೊಡಿಸಿದ್ದಳೆಂದರೆ, ನಮ್ಮ ಮಾಲಿಕನೂ ಅಷ್ಟು ಜನಕ್ಕೆ ಕೊಟ್ಟಿರಲಿಲ್ಲ.

ಒಮ್ಮೆ ಅವಳು ನಾಯಕಿಗೆ ಹೊಲಿಗೆ ಕ್ಲಾಸು ತೆಗೆಸಿಕೊಟ್ಟು ಕತೆ ಮುಗಿಸಿಬಿಟ್ಟಳು. ನಾಯಕನ ಸುದ್ದಿಯೇ ಇಲ್ಲ. ಹಾಗಾದರೆ ಮದುವೆ ಏನಾಯಿತು ಎಂದು ಕೇಳಿದೆ. ಅವಳು ನಡಿಗೆ ನಿಲ್ಲಿಸದೆ ಹೇಳಿದಳು: “ಪಾಪ, ಆ ಹುಡಿಗಿ ಮೂರು ತಾಸು ಅತ್ತಾಳ. ಸಾಲದೇನ್ರಿ?”

ಕತ್ತರಿ ಬಿದ್ದ ಸಿನಿಮಾ

ನಮ್ಮ ಕೆಳಗಿನ ಖೋಲಿಯಲ್ಲಿ ಉಡುಪಿ ಕಡೆಯ ಒಂದು ಸಂಸಾರವಿತ್ತು. ಗಂಡ ಸ್ಟೇಷನ್ ಹತ್ತಿರ ಹೊಟೇಲು ನಡೆಸುತ್ತಿದ್ದರು. ಅವರಿಗೆ ಬಿಡುವಿಲ್ಲದ್ದರಿಂದ ಹೆಂಡತಿಗೆ ಸಿನಿಮಾ ಸಿಗುತ್ತಿದ್ದುದು ನಲ್ಲಿಯ ಬಳಿ, ನನ್ನ ಹೆಂಡತಿಯ ಬಾಯಿಂದ. ಎಲ್ಲಿಯವರೆಗೆ ಸಿನಿಮಾದವರದು, ಎಲ್ಲಿಂದ ತನ್ನದು ಎಂದು ನನ್ನ ಹೆಂಡತಿ ಎಂದೂ ಗೆರೆ ಎಳೆದು ತೋರಿಸಲಿಲ್ಲ.

ಯಾವುದೋ ಮುಷ್ಕರದ ದಿನ ಹೊಟೇಲು ಮುಚ್ಚಿ, ಆಕೆ ಗಂಡನನ್ನು ಎಳೆದುಕೊಂಡು ಹೋಗಿ, ನನ್ನ ಹೆಂಡತಿ ಹೇಳಿದ್ದ ಒಂದು ಸಿನಿಮಾ ನೋಡಿ ಬಂದರು. ಬಂದವರೇ ಚಪ್ಪಲಿ ಬಿಡದೆ ನಮ್ಮ ಬಾಗಿಲಿಗೆ ಬಂದರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು. ನನ್ನ ಹೆಂಡತಿಯ ಬಣ್ಣ ಈಗ ಬಯಲಾಯಿತು ಎಂದು ನಾನು ಪತ್ರಿಕೆಯ ಹಿಂದೆ ಮುಖ ಮರೆಮಾಡಿಕೊಂಡೆ.

“ಅಕ್ಕ, ಈ ಥಿಯೇಟರಿನವರು ಮಹಾ ಮೋಸ ಮಾರಾಯ್ರೆ” ಎಂದರು ಆಕೆ. “ನೀವು ಹೇಳಿದ ಲಾಯ್ಕದ ಭಾಗ ಪೂರಾ ಕಟ್ ಮಾಡಿದ್ದಾರೆ. ಎಂತದೋ ಗುಂಡು ಹೊಡೆದು ಮುಗಿಸಿಬಿಟ್ರು.”

ನನ್ನ ಹೆಂಡತಿ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಎರಡನೆಯ ವಾರಕ್ಕೆ ಹೀಗೆ ಮಾಡುತ್ತಾರೆ, ನೀವು ಮೊದಲನೆಯ ವಾರವೇ ಹೋಗಬೇಕಿತ್ತು ಎಂದು ಸಮಾಧಾನ ಹೇಳಿದಳು. ಆಕೆ ಗಂಡನನ್ನು ಮರುದಿನವೇ ಥಿಯೇಟರಿನ ಮ್ಯಾನೇಜರ ಹತ್ತಿರ ಜಗಳಕ್ಕೆ ಕಳಿಸಿದರು. ಗಂಡ ಹಿಂತಿರುಗಿ ಬಂದು ನನ್ನೊಡನೆ ಹೇಳಿದರು: ಕತ್ತರಿಸಿದ ಭಾಗ ಯಾವುದೆಂದು ಮ್ಯಾನೇಜರ ಕೇಳಿದನಂತೆ, ಇವರು ಹೇಳಿದರಂತೆ, ಅವನು ಪೂರ್ತಿ ಕೇಳಿ, ಇಷ್ಟು ಚೆನ್ನಾಗಿರುವುದು ತನ್ನ ಥಿಯೇಟರಿಗೆ ಬಂದೇ ಇಲ್ಲ ಎಂದನಂತೆ.

ಮಹಾರಾಜರ ಮರಣ

ನಾಟಕಗಳಲ್ಲಾದರೂ ಕೊನೆ ಸಿಕ್ಕೀತೆಂದು ನನಗೆ ಆಸೆಯಿತ್ತು. ಒಂದು ಭಾನುವಾರ ಪಕ್ಕದ ಕಲ್ಯಾಣ ಊರಿನ ಒಂದು ಸಭಾಗೃಹದಲ್ಲಿ ನಮ್ಮ ಕನ್ನಡಿಗರೇ ಸೇರಿ ನಾಟಕ ಆಡಿದರು. ನಮ್ಮ ಪಕ್ಕದ ಖೋಲಿಯ ರೈಲ್ವೆ ಗುಮಾಸ್ತರು, ಹುಬ್ಬಳ್ಳಿ ಕಡೆಯವರು, ಅದರಲ್ಲಿ ಮಹಾರಾಜ. ಕೊನೆಯ ಅಂಕದಲ್ಲಿ ಅವರು ಉದ್ದನೆಯ ಮಾತು ಹೇಳಿ ಸಾಯಬೇಕು. ತಿಂಗಳುಗಟ್ಟಲೆ ಗೋಡೆಯ ಆಚೆ ಅವರು ಸತ್ತದ್ದನ್ನು ಕೇಳಿ ನಮಗೂ ಆ ಮಾತು ಬಾಯಿಪಾಠವಾಗಿತ್ತು.

ಆದರೆ ನಾಟಕಕ್ಕೆ ಮೊದಲು ಸಭೆ. ಮುಖ್ಯ ಅತಿಥಿಗಳು ತಮಗೆ ಮಾತಾಡಲು ಬರುವುದಿಲ್ಲ ಎಂದು ಹೇಳಿ, ಒಂದು ತಾಸು ಅದನ್ನು ಸಾಬೀತು ಮಾಡಿ ತೋರಿಸಿದರು. ಅಧ್ಯಕ್ಷರು ಅವರನ್ನು ಹೊಗಳಿದರು, ಅವರು ಅಧ್ಯಕ್ಷರನ್ನು ಹೊಗಳಿದರು. ಸಂಜೆ ಅದೇ ಸಭಾಗೃಹದಲ್ಲಿ ಒಂದು ಮದುವೆಯ ಆರತಕ್ಷತೆ. ಎರಡನೆಯ ಅಂಕ ಮುಗಿಯುವಷ್ಟರಲ್ಲಿ ಬ್ಯಾಂಡಿನವರು ಬಾಗಿಲಿಗೆ ಬಂದು ನಿಂತರು. ಕಾರ್ಯದರ್ಶಿಗಳು ರಂಗಕ್ಕೆ ಬಂದು ಮೈಕಿನಲ್ಲಿ, “ಮುಂದೆ ಮಹಾರಾಜರು ಮರಣ ಹೊಂದುತ್ತಾರೆ. ಎಲ್ಲರಿಗೂ ವಂದನೆಗಳು” ಎಂದು ಪರದೆ ಎಳೆಸಿದರು.

ಮಹಾರಾಜರು ಮೀಸೆ ಕೀಳಲಿಲ್ಲ, ಕಿರೀಟವನ್ನೂ ತೆಗೆಯಲಿಲ್ಲ. ಹಾಗೆಯೇ ನಮ್ಮೊಡನೆ ಲೋಕಲ್ ಹತ್ತಿದರು. ಭಾನುವಾರವಾದ್ದರಿಂದ ಜಾಗ ಸಿಕ್ಕಿತು. ಗಾಡಿ ಹೊರಟ ಕೂಡಲೇ ಅವರು ಎದೆಯ ಮೇಲೆ ಕೈಯಿಟ್ಟು ಸಾಯಲು ಶುರುಮಾಡಿದರು. ನಿಂತವರು ಸುತ್ತ ಸೇರಿದರು. ಭಾಷೆ ತಿಳಿಯದ ಒಬ್ಬ ಮುದುಕಿ ಕಣ್ಣೀರಿಟ್ಟಳು. ಒಬ್ಬರು ನೀರು ಕೊಟ್ಟರು, ಮಹಾರಾಜರು ಪಾತ್ರ ಬಿಡದೆ ಕುಡಿದರು. ನಡುವಿನ ಠಾಕುರ್ಲಿ ಸ್ಟೇಷನ್ನಿನಲ್ಲಿ ಸ್ವರ ಇಳಿಯಿತು. ಡೊಂಬಿವಲಿ ಕಾಣುವಾಗ ಅವರು ಬೆಂಚಿನ ಮೇಲೆ ಒರಗಿ ಕಣ್ಣು ಮುಚ್ಚಿದರು.

“ನಾ ಕಡೀತನಕ ನೋಡಿದ್ದು ಇದೊಂದ ನಾಟಕ” ಎಂದಳು ನನ್ನ ಹೆಂಡತಿ. ಅವಳ ಕಣ್ಣೂ ಒದ್ದೆಯಾಗಿತ್ತು. ಅಷ್ಟರಲ್ಲಿ ನಮ್ಮ ಸ್ಟೇಷನ್ ಬಂತು. ಅಲ್ಲಿ ಹತ್ತಿದವರಲ್ಲಿ ಇಬ್ಬರು ಸತ್ತ ಮಹಾರಾಜರ ಎರಡೂ ಕಡೆ ನಿಂತು, ಆ ಸೀಟು ಯಾರದೆಂದು ಜಗಳ ತೆಗೆದರು.

ಅರ್ಧಕ್ಕೆ ಉಳಿದದ್ದು

ನಾವು ಜೊತೆಯಾಗಿ ನೋಡಿದ ಕೊನೆಯ ಸಿನಿಮಾದಲ್ಲಿ ಒಬ್ಬ ಜಮೀನ್ದಾರ. ವಿಧವೆಯಾದ ಸೊಸೆಯನ್ನು ಮನೆಯಿಂದ ಹೊರಹಾಕುತ್ತಾನೆ. ಸಿನಿಮಾದ ನ್ಯಾಯದಂತೆ ಅವನ ಆಸ್ತಿ ಹೋಗುತ್ತದೆ, ಕಣ್ಣೂ ಹೋಗುತ್ತವೆ. ಊರೂರು ತಿರುಗಿ ತಿಳಿಯದೆ ಅವಳದೇ ಬಾಗಿಲಿಗೆ ಬಂದು ಅನ್ನ ಕೇಳುತ್ತಾನೆ. ಅವಳು ಬಡಿಸುತ್ತಾಳೆ. “ನೀನು ಯಾರಮ್ಮ?” ಎಂದು ಅವನು ಕೇಳುವಷ್ಟರಲ್ಲಿ ನಾವು ಎದ್ದೆವು. ಹಗ್ಗ ಇರಲಿಲ್ಲ, ಆದರೂ ನನ್ನ ಹೆಂಡತಿಗೆ ಹೊತ್ತು ತಿಳಿಯಿತು.

ದಾರಿಯಲ್ಲಿ ಅವಳು ಶುರುಮಾಡಿದಳು. “ಆಕಿ ತನ್ನ ಹೆಸರು ಹೇಳಬಾರದು. ಅವಗ ದಿನಾ ಉಣ್ಣಾಕ ಹಾಕಬೇಕು. ಮುಂದ ಒಂದಿನ...” ಅಷ್ಟರಲ್ಲಿ ನಲ್ಲಿಯ ಸದ್ದು ಕೇಳಿಸಿತು. ಅಂದು ನೀರು ಮೊದಲೇ ಬಂದಿತ್ತು. ಉಳಿದದ್ದು ಆಮೇಲೆ ಹೇಳುತ್ತೇನೆಂದು ಅವಳು ಕೊಡಕ್ಕೆ ಓಡಿದಳು. ಆಮೇಲೆ ಅವಳಿಗೆ ಜ್ವರ ಬಂತು, ಆಸ್ಪತ್ರೆ ಬಂತು. ಅಲ್ಲಿ ನಾನು ಸಿನಿಮಾದ ಮಾತೆತ್ತಲಿಲ್ಲ. ಮನೆಗೆ ಬಂದ ಮೇಲೆ ಕೇಳಿದರಾಯಿತು ಎಂದುಕೊಂಡಿದ್ದೆ. ಅವಳು ಮನೆಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಒಬ್ಬನೇ ಮ್ಯಾಟಿನಿಗೆ ಹೋದೆ. ಅದೇ ಬಾಗಿಲ ಪಕ್ಕ ಕೂತೆ. ನಾಯಕಿಯನ್ನು ಕಂಬಕ್ಕೆ ಕಟ್ಟಿದರು. ಕಾವಲಿನವನು ಬಂದು ಬಾಗಿಲು ಸರಿಸಿ ಹಿಡಿದ. ನಾನು ಏಳಲಿಲ್ಲ. ಅವನ ಟಾರ್ಚಿನ ಬೆಳಕು ಪಕ್ಕದ ಖಾಲಿ ಕುರ್ಚಿಯ ಮೇಲೆ ಸ್ವಲ್ಪ ಹೊತ್ತು ನಿಂತು, ಆರಿತು. ಅವನು ಬಾಗಿಲು ಮುಚ್ಚಿದ.

ಹೀಗೆ ಮೊದಲ ಸಲ ಒಂದು ಕೊನೆ ನೋಡಿದೆ. ಒಂದು ಗೋದಾಮು, ಅದರ ತುಂಬ ಖಾಲಿ ಪೀಪಾಯಿಗಳು. ನಾಯಕ ಒಬ್ಬೊಬ್ಬರನ್ನೂ ಹೊಡೆದು ಪೀಪಾಯಿಗಳ ಮೇಲೆ ಬೀಳಿಸಿದ. ಇಷ್ಟು ವರ್ಷ ಇದಕ್ಕಾಗಿ ಹೊಟ್ಟೆ ಉರಿಸಿಕೊಂಡಿದ್ದೆ. ಎಲ್ಲ ಮುಗಿದ ಮೇಲೆ ಪೊಲೀಸರು ಬಂದರು. ಅವರೂ ನೀರು ತುಂಬಲು ಹೋಗಿದ್ದಿರಬೇಕು.

ಮಾಸ್ತರರ ಸಾಕ್ಷಿ

ಮರುವರ್ಷ ಒಂದು ಟಿ.ವಿ. ತಂದೆ, ಮನೆಯಲ್ಲಿ ಯಾರಾದರೂ ಮಾತಾಡುತ್ತಿರಲಿ ಎಂದು. ಭಾನುವಾರ ಸಂಜೆಯ ಸಿನಿಮಾಕ್ಕೆ ಚಾಳದ ಹೆಂಗಸರೆಲ್ಲ ನನ್ನ ಖೋಲಿಗೆ ಬರತೊಡಗಿದರು. ಹೊಟೇಲಿನವರ ಹೆಂಡತಿ ಮುಂದೆ ಚಾಪೆಯ ಮೇಲೆ. ಮಹಾರಾಜರು ಈಗ ರೈಲ್ವೆಯಿಂದ ನಿವೃತ್ತರು, ನನ್ನ ಒಂದೇ ಕುರ್ಚಿ ಅವರಿಗೆ. ಅವರ ಹೆಂಡತಿ ಬಾಗಿಲ ಹತ್ತಿರ. ನಗರಪಾಲಿಕೆಯವರು ನೀರಿನ ಹೊತ್ತನ್ನು ರಾತ್ರಿಯ ಊಟದ ಹೊತ್ತಿಗೆ ಬದಲಿಸಿದ್ದರು. ನಾನು ಮ್ಯಾಟಿನಿಯ ಕೊನೆ ನೋಡಿದ ಸುದ್ದಿ ಅವರಿಗೆ ಮುಟ್ಟಿರಬೇಕು. ಟಿ.ವಿ.ಯ ಸಿನಿಮಾ ಮುಗಿಯುತ್ತಿದ್ದುದೂ ಅದೇ ಹೊತ್ತಿಗೆ.

ಒಂದು ಭಾನುವಾರ ಆ ಜಮೀನ್ದಾರನ ಸಿನಿಮಾವೇ ಬಂತು. ಮೊದಲ ದೃಶ್ಯದಲ್ಲೇ ಗುರುತು ಹಿಡಿದೆ. ಇವತ್ತು ಕೊನೆ ನೋಡಲೇಬೇಕು ಎಂದುಕೊಂಡೆ. ಕುರುಡ ಬಾಗಿಲಿಗೆ ಬಂದ, ಅನ್ನ ಕೇಳಿದ, “ನೀನು ಯಾರಮ್ಮ?” ಎಂದ. ಅಂಗಳದಲ್ಲಿ ನಲ್ಲಿ ಸದ್ದು ಮಾಡಿತು. ಹೆಂಗಸರೆಲ್ಲ ಎದ್ದರು. ಹೊಟೇಲಿನವರ ಹೆಂಡತಿ ನನ್ನ ಕೊಡವನ್ನೂ ಎತ್ತಿಕೊಂಡು, “ನೀವು ಕೂತು ನೋಡಿ ಮಾಷ್ಟ್ರೇ, ಆಮೇಲೆ ನಮಗೆ ಹೇಳಿ” ಎಂದು ಹೋದರು. ಉಳಿದವರು ನಾನು ಮತ್ತು ಕುರ್ಚಿಯಲ್ಲಿ ಕಣ್ಣು ಮುಚ್ಚಿದ ಮಹಾರಾಜರು.

ಕೊನೆ ನೋಡಿದೆ. ಸೊಸೆ ಕುರುಡನನ್ನು ದೇವಸ್ಥಾನಕ್ಕೆ ಎಳೆದುಕೊಂಡು ಹೋಗಿ ಹಾಡಿದಳು. ಸಿಡಿಲು ಹೊಡೆಯಿತು, ಗಂಟೆ ತಾನಾಗಿ ಬಡಿಯಿತು, ಕಣ್ಣು ಬಂದವು. ಅವನು ಅವಳನ್ನು ನೋಡಿ, ಕ್ಷಮೆ ಕೇಳಿ, ಬಂದ ಕಣ್ಣುಗಳನ್ನು ಹೆಚ್ಚು ಉಪಯೋಗಿಸದೆ ಸತ್ತ.

ಹೆಂಗಸರು ತುಂಬಿದ ಕೊಡಗಳೊಡನೆ ಬಾಗಿಲಲ್ಲಿ ನಿಂತರು. ನನ್ನ ಕೊಡವನ್ನು ಒಲೆಯ ಪಕ್ಕ, ನನ್ನ ಹೆಂಡತಿ ಇಡುತ್ತಿದ್ದ ಜಾಗದಲ್ಲೇ ಇಟ್ಟರು. ಏನಾಯಿತು ಹೇಳಿ ಎಂದರು.

ನಾನು ಆ ದೇವಸ್ಥಾನದ ಕೊನೆಯನ್ನು ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಬಾಯಿಗೆ ಬಂದದ್ದು ಬೇರೆ. ಅವಳು ತನ್ನ ಹೆಸರು ಹೇಳಲಿಲ್ಲ, ದಿನಾ ಊಟ ಹಾಕಿದಳು, ಎಂದೆ. ಮುಂದೆ ಒಂದು ದಿನ... ಇಲ್ಲಿಗೆ ಬಂದು ನಿಂತೆ. ಎಲ್ಲರೂ ಕಾಯುತ್ತಿದ್ದರು. ನಾನು ಕೊಡದ ಕಡೆ ನೋಡಿದೆ. ಮುಂದೆ ಒಂದು ದಿನ ಅವಳಿಗೆ ಮೈಯಲ್ಲಿ ಹುಷಾರಿರಲಿಲ್ಲ, ಎಂದೆ. ಕುರುಡ ತಾನೇ ಕೊಡ ಹಿಡಿದು, ಗೋಡೆ ತಡವುತ್ತ ಹೋಗಿ, ನೀರಿನ ಸರದಿಯಲ್ಲಿ ನಿಂತ. ಸರದಿ ಬಂದಾಗ ಯಾರೋ ಅವಳ ಹೆಸರು ಹಿಡಿದು, ಅವಳ ಕೊಡ ಮುಂದೆ ಬರಲಿ ಎಂದು ಕೂಗಿದರು. ಆ ಹೆಸರು ಅವನಿಗೆ ಗೊತ್ತಿತ್ತು. ಕೊಡ ತುಂಬಿಸಿದ, ಒಂದು ಹನಿ ಚೆಲ್ಲದೆ ಮನೆಗೆ ತಂದ, ಅವಳ ಮುಂದೆ ಇಟ್ಟ. ಅವನೂ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅಷ್ಟೇ.

ಹೊಟೇಲಿನವರ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, “ನೋಡಿ, ಟಿ.ವಿ.ಯವರು ಕಟ್ ಮಾಡುವುದಿಲ್ಲ” ಎಂದರು.

ಆಗ ಕುರ್ಚಿಯಿಂದ ಮಹಾರಾಜರು ಕಣ್ಣು ತೆರೆದು, “ಎಲ್ಲೀದ್ರೀ ಸರ ಇದು? ಸಿಡಿಲು ಹೊಡೀತು, ಗಂಟಿ ಬಡೀತು, ಕಣ್ಣು ಬಂದೂ. ನಾ ಎಚ್ಚರ ಇದ್ದೆ” ಎಂದರು.

ನಾನು ತಲೆ ತಗ್ಗಿಸಿದೆ. ಮಹಾರಾಜರ ಹೆಂಡತಿ ಕೊಡವನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ ಗಂಡನನ್ನು ನೋಡಿದರು.

“ಏಳ್ರಿ ಮನಿಗೆ. ನಿದ್ದಿಗಣ್ಣಾಗ ಸಿಡಿಲು ಕಂಡೀರಿ” ಎಂದರು. “ಮಾಸ್ತರ ಸುಳ್ಳ ಹೇಳತಾರೇನು?”