ಹನ್ನೊಂದು ದಿನ ಉಳಿದ ಕುರ್ಚಿಗಳ ಬಗ್ಗೆ

ದೇಶದೇಶಗಳಲ್ಲಿ ಅಂಗಡಿ ತೆರೆದು ಸಿದ್ಧ ಉಡುಪು ಮಾರುತ್ತಿರುವ ದೊಡ್ಡ ಕಂಪನಿಯ, ಮಾನವ ಹಕ್ಕು ಮತ್ತು ನ್ಯಾಯದ ಖರೀದಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರಲ್ಲಿ ಮಾನ್ಯರೇ,

ತಾವೂ ತಮ್ಮ ಮನೆಯವರೂ ಕ್ಷೇಮವೆಂದು, ಈ ಪತ್ರ ಓದುವಾಗ ಒಳ್ಳೆಯ ಕುರ್ಚಿಯಲ್ಲಿ ಬೆನ್ನಾನಿಸಿ ಕೂತಿದ್ದೀರೆಂದು ನಂಬಿ, ತಮ್ಮ ಅಂಗಡಿಗಳಿಗೆ ಅಂಗಿ ಹೊಲಿಯುವ ಶೆಡ್ಡಿನ ಎರಡನೇ ಸಾಲಿನಲ್ಲಿ ಗುಂಡಿ ಹಾಕುವವನಾದ ನಾನು ಮಾಡುವ ನಮಸ್ಕಾರಗಳು. ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಗುಂಡಿ ಮಾತ್ರ ಇಪ್ಪತ್ತೆರಡು ವರ್ಷದಿಂದ ನೇರವಾಗಿಯೇ ಹಾಕುತ್ತಿದ್ದೇನೆ, ಬೇಕಾದರೆ ತಾವು ತೊಟ್ಟಿರುವ ಅಂಗಿಯನ್ನೇ ಒಮ್ಮೆ ಬಗ್ಗಿ ನೋಡಿಕೊಳ್ಳಿ.

ಸರಕು ಬರುವ ಸರಪಳಿಯ ಕೊನೆಯ ಕೊಂಡಿಯವರೆಗೂ ಮನುಷ್ಯರನ್ನು ಮನುಷ್ಯರಂತೆ ನೋಡಿಕೊಳ್ಳುತ್ತೇವೆಂದು ತಾವು ಬರೆಸಿದ ಬಣ್ಣದ ಹಾಳೆ ನಮ್ಮ ಗೋಡೆಗೆ ಬಂದು ಎರಡು ವರ್ಷವಾಯಿತು. ನಾವೂ ಒಂದು ಕೊಂಡಿ ಎಂದು ತಿಳಿದು ಬಹಳ ಹೆಮ್ಮೆಪಟ್ಟೆವು, ಅಲ್ಲಿಯತನಕ ಬರೀ ಕೈಗಳು ಎಂದುಕೊಂಡಿದ್ದೆವು. ಹಾಳೆಯನ್ನು ಎಷ್ಟು ಗೌರವದಿಂದ ಎತ್ತರಕ್ಕೆ ಹಾಕಿದ್ದಾರೆಂದರೆ, ಫ್ಯಾನಿಗೆ ಎಣ್ಣೆ ಬಿಡುವವನು ಏಣಿ ಹತ್ತಿದಾಗಲೆಲ್ಲ ಒಂದೊಂದು ಸಾಲು ಓದಿ ಕೆಳಗಿರುವ ನಮಗೆ ಹೇಳುತ್ತಾನೆ. ಹೀಗೆ ಇಲ್ಲಿಯವರೆಗೆ ಐದು ಸಾಲು ತಿಳಿದಿದ್ದೇವೆ. ಐದನೆಯದು, ಕೂತು ದುಡಿಯುವ ಪ್ರತಿಯೊಬ್ಬರಿಗೂ ಬೆನ್ನಿಗೆ ಆಸರೆಯಿರುವ ಕುರ್ಚಿ ಎಂಬುದು.

ಕುರ್ಚಿಗಳಿಲ್ಲವೆಂದು ಸುಳ್ಳು ಹೇಳಿದರೆ ನಾಲಿಗೆಗೆ ಹುಳ ಬಿದ್ದೀತು. ನಲವತ್ತಿವೆ, ನೀಲಿ ಬಣ್ಣದವು, ಮೈಮೇಲಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ. ತಮ್ಮ ತಪಾಸಣೆಯ ಸಾಹೇಬರು ಬರುವ ದಿನ ಬೆಳಿಗ್ಗೆ ಗೋದಾಮಿನಿಂದ ಹೊರಗೆ ಬರುತ್ತವೆ, ಅವರ ಕಾರು ಗೇಟು ದಾಟಿದ ಕೂಡಲೆ ಒಳಗೆ ಹೋಗುತ್ತವೆ, ನಾವು ಮತ್ತೆ ಬೆನ್ನಿಲ್ಲದ ಸ್ಟೂಲಿಗೆ ಬರುತ್ತೇವೆ. ತಾವು ಕಳಿಸಿದ ದೂರು ಪೆಟ್ಟಿಗೆಯೂ ಕುರ್ಚಿಗಳ ಜೊತೆಯಲ್ಲೇ ಬಂದು ಜೊತೆಯಲ್ಲೇ ಹೋಗುವುದರಿಂದ ನಾನು ಪತ್ರಿಕೆಯ ಮೂಲಕ ಬರೆಯಬೇಕಾಯಿತು. ಹೀಗೇಕೆ ಎಂದು ಒಮ್ಮೆ ಮ್ಯಾನೇಜರನ್ನು ಕೇಳಿದ್ದೆ. ದಿನಾ ಕೂತರೆ ಹಳೆಯವಾಗುತ್ತವೆ, ಆಮೇಲೆ ಬಂದವರಿಗೆ ತೋರಿಸುವುದೇನನ್ನು ಎಂದರು. ಆ ಬುದ್ಧಿಗೆ ನಾನು ಅಲ್ಲೇ ತಲೆಬಾಗಿದೆ. ಸ್ಟೂಲಿನ ಮೇಲೆ ಕೂತವನ ತಲೆ ಹೇಗೂ ಬಾಗಿಯೇ ಇರುತ್ತದೆ.

ಇಂಥದ್ದರಲ್ಲಿ ಹೋದ ತಿಂಗಳು ತಮ್ಮ ಸಾಹೇಬರು ನಮಗೆ ಮಾಡಿದ ಉಪಕಾರವನ್ನು ಏಳು ಜನ್ಮಕ್ಕೂ ಮರೆಯುವ ಹಾಗಿಲ್ಲ. ಅವರು ತಮ್ಮ ಓದುವ ಕನ್ನಡಕವನ್ನು ಇಲ್ಲಿಯೇ ಬಿಟ್ಟುಹೋದರು.

ಮ್ಯಾನೇಜರು ಫೋನು ಮಾಡಿ ವಿಚಾರಿಸಿದರೆ, ಸಾಹೇಬರು ಇದೇ ಸುತ್ತಮುತ್ತ ಬೇರೆ ಶೆಡ್ಡುಗಳನ್ನು ನೋಡುತ್ತಿದ್ದಾರೆ, ಯಾವಾಗಲಾದರೂ ದಾರಿಯಲ್ಲಿ ಅವರೇ ಬಂದು ತೆಗೆದುಕೊಳ್ಳುತ್ತಾರೆ ಎಂದು ಉತ್ತರ ಬಂತಂತೆ. ಯಾವಾಗಲಾದರೂ ಎಂಬ ಒಂದು ಮಾತಿಗೆ ಎಷ್ಟು ಶಕ್ತಿಯಿದೆ ಎಂದು ನನಗೆ ಗೊತ್ತಾಗಿದ್ದು ಆವತ್ತು. ಕನ್ನಡಕವನ್ನು ಹೊಸ ಬಟ್ಟೆಯ ಮೇಲೆ ಇಟ್ಟು, ಆಫೀಸಿನ ಕಿಟಕಿಯ ಕಟ್ಟೆಯಲ್ಲಿ ನಮ್ಮ ಕಡೆಗೆ ಮುಖ ಮಾಡಿ ಕೂರಿಸಿದರು. ಅದು ನಮ್ಮನ್ನು ನೋಡುತ್ತ ಕೂತಿತು, ನಾವು ಕುರ್ಚಿಯಲ್ಲಿ ಕೂತೆವು. ಕಣ್ಣಿಲ್ಲದ ಕನ್ನಡಕ ಇಷ್ಟು ಚೆನ್ನಾಗಿ ತಪಾಸಣೆ ಮಾಡುವುದನ್ನು ನಾನು ಇದೇ ಮೊದಲು ಕಂಡಿದ್ದು. ನಾಲ್ಕನೇ ದಿನ ತಮ್ಮ ಕಡೆಯಿಂದ ವರದಿ ಬಂತು. ಎಲ್ಲರಿಗೂ ಕುರ್ಚಿಯಿದೆ, ಎಲ್ಲರೂ ನಗುಮುಖದಿಂದಿದ್ದಾರೆ ಎಂದು ಮ್ಯಾನೇಜರು ಓದಿ ಹೇಳಿದರು. ಕನ್ನಡಕ ಇಲ್ಲಿತ್ತು, ವರದಿ ಅಲ್ಲಿ ತಯಾರಾಗಿತ್ತು, ಆದ್ದರಿಂದ ಸಾಹೇಬರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ನಗುಮುಖ ನನ್ನದು, ಅದು ಹುಟ್ಟಿದಾಗಿನಿಂದಲೂ ಹಾಗೇ ಇದೆ, ಸಾವಿನ ಮನೆಯಲ್ಲೂ ಬೈಸಿಕೊಂಡಿದ್ದೇನೆ.

ನನ್ನ ಪಕ್ಕದ ಮಷೀನಿನಲ್ಲಿ ಕಾಲರ್ ಹೊಲಿಯುವವಳನ್ನು ನಾವೆಲ್ಲ ಕಾಲರ್ ತಂಗಿ ಎನ್ನುತ್ತೇವೆ. ಅವಳಿಗೀಗ ಏಳು ತಿಂಗಳು. ಸ್ಟೂಲಿನ ಕಾಲದಲ್ಲಿ ಗಂಟೆಗೊಮ್ಮೆ ಎದ್ದು ಎರಡೂ ಕೈಯಲ್ಲಿ ಸೊಂಟ ಹಿಡಿದು ನಿಲ್ಲುತ್ತಿದ್ದಳು, ಮೇಲ್ವಿಚಾರಕರು ಬೇಗಬೇಗ ಎನ್ನುತ್ತಿದ್ದರು, ಮತ್ತೆ ಕೂರುತ್ತಿದ್ದಳು. ಅವರು ಇದೊಂದು ಮಾತನ್ನೇ ಆಡುವುದರಿಂದ ಅವರ ಹೆಸರೇ ಬೇಗಬೇಗ ಸಾರ್ ಎಂದಾಗಿದೆ. ಕನ್ನಡಕದ ದಿನಗಳಲ್ಲಿ ಅವಳ ಕಾಲಿನ ಊತ ಇಳಿಯಿತು, ಮುಖಕ್ಕೆ ಕಳೆ ಬಂತು, ಹೊಟ್ಟೆಯಲ್ಲಿರುವುದು ಒದ್ದಾಗ ನನ್ನ ಕಡೆ ತಿರುಗಿ ಇವನೂ ಗುಂಡಿ ಹಾಕುತ್ತಿದ್ದಾನೆ ಅಣ್ಣ ಎಂದು ತಮಾಷೆ ಮಾಡುವಷ್ಟಾದಳು. ನಮ್ಮ ಸಾಲಿನಲ್ಲಿ ದಿನಕ್ಕೆ ಹತ್ತು ಅಂಗಿ ಹೆಚ್ಚಿಗೆ ಬಂದವು. ಮಷೀನಿಗೆ ಹಾಕಿದ ಹೊಸ ಎಣ್ಣೆ ಒಳ್ಳೆಯದಿದೆ ಎಂದು ಮ್ಯಾನೇಜರು ಸಂತೋಷಪಟ್ಟರು.

ಹನ್ನೆರಡನೇ ದಿನ ಒಬ್ಬಾತ ಬೈಕಿನಲ್ಲಿ ಬಂದು, ಸಹಿ ಹಾಕಿ, ಕನ್ನಡಕವನ್ನು ಜೇಬಿಗಿಳಿಸಿಕೊಂಡು ಹೋದ. ಬೈಕಿನ ಹೊಗೆ ಚದುರುವ ಮೊದಲೇ ಕುರ್ಚಿಗಳು ಗೋದಾಮಿನ ದಾರಿ ಹಿಡಿದವು. ನನ್ನ ದೂರು ಇರುವುದು ಇಲ್ಲಿಯೇ, ಮಾನ್ಯರೇ. ಅಷ್ಟು ಒಳ್ಳೆಯ ಅಧಿಕಾರಿಯನ್ನು ತಾವು ಹೀಗೆ ಏಕಾಏಕಿ ವಾಪಸು ಕರೆಸಿಕೊಳ್ಳಬಾರದಿತ್ತು.

ಮೂವತ್ತೊಂಬತ್ತು ಕುರ್ಚಿಗಳು ಹೋದವು. ನಲವತ್ತನೆಯದರ ಮುಂದೆ ನಿಂತು ಬೇಗಬೇಗ ಸಾರ್ ಏಳಮ್ಮ ಎಂದರು. ತಂಗಿ ಮಷೀನಿನ ಪೆಡಲಿನ ಮೇಲಿನ ಕಾಲನ್ನೂ ತೆಗೆಯಲಿಲ್ಲ. "ನಾನ್ ಏಳಲ್ಲ ಸಾರ್. ಕುರ್ಚಿ ಬೇಕೇ ಬೇಕು ಅಂದ್ರೆ ನನ್ನೂ ಸೇರಿಸಿ ಎತ್ಕೊಂಡ್ ಹೋಗಿ" ಎಂದಳು. ಲಾರಿಗೆ ಮೂಟೆ ಹೊರುವ ಇಬ್ಬರು ಬಂದರು. ಆಚೆ ಕಡೆ ಕೂತು ನೂಲಿನ ತುದಿ ಕತ್ತರಿಸುವ ಅತ್ತೆ, ಶೆಡ್ಡಿಗೆಲ್ಲ ಅವರು ಅತ್ತೆಯೇ, ಕತ್ತರಿಯಿಂದ ಕಣ್ಣು ತೆಗೆಯದೆ ಹೇಳಿದರು: "ನೋಡ್ಕೊಂಡ್ ಎತ್ರಪ್ಪಾ, ಅಲ್ಲಿರೋದು ಒಬ್ಬರಲ್ಲ, ಇಬ್ಬರು." ಒಬ್ಬನಿಗೆ ಬೆಳಿಗ್ಗೆಯಿಂದಲೂ ಭುಜ ನೋಯುತ್ತಿದ್ದದ್ದು ಆಗ ನೆನಪಾಯಿತು. ಇನ್ನೊಬ್ಬನನ್ನು ಲಾರಿಯವರು ಕೂಗಿದರು, ಲಾರಿ ಮಾತ್ರ ಬಂದಿರಲಿಲ್ಲ. ಅವಳು ಎದ್ದ ಗಳಿಗೆಯಲ್ಲಿ ಕುರ್ಚಿ ಒಳಗೆ ಹೋಗಬೇಕೆಂದು ಮ್ಯಾನೇಜರು ಆಜ್ಞೆ ಮಾಡಿ ಬಾಗಿಲು ಹಾಕಿಕೊಂಡರು.

ಆವತ್ತಿನಿಂದ ತಮ್ಮ ಐದನೇ ಸಾಲನ್ನು ನಾವು ಸರದಿಯ ಮೇಲೆ ಪಾಲಿಸುತ್ತಿದ್ದೇವೆ. ಅವಳು ಊಟಕ್ಕೆ ಎದ್ದರೆ ಅತ್ತೆ ಕೂರುತ್ತಾರೆ, ನೀರಿಗೆ ಹೋದರೆ ನಾನು ಕೂರುತ್ತೇನೆ, ಸಂಜೆ ಮನೆಗೆ ಹೋಗುವಾಗ ಕುರ್ಚಿಯನ್ನು ಮಷೀನಿನ ಕಾಲಿಗೆ ಕಟ್ಟಿ, ಗುಂಡಿಗೆ ಹಾಕುವ ದಾರದಿಂದ ಇಪ್ಪತ್ತೆರಡು ವರ್ಷದ ಅನುಭವದ ಗಂಟು ಹಾಕುತ್ತೇನೆ. ಮೊನ್ನೆ ಒಂದು ಎಡವಟ್ಟಾಯಿತು. ನಾನು ಅತ್ತೆ ಕೂತಿದ್ದಾರೆಂದುಕೊಂಡೆ, ಅತ್ತೆ ನಾನಿದ್ದೇನೆಂದುಕೊಂಡರು, ಇಬ್ಬರೂ ನಲ್ಲಿಯ ಹತ್ತಿರ ಎದುರುಬದುರಾಗಿ ನಿಂತಾಗ ಕುರ್ಚಿ ಖಾಲಿಯೆಂದು ಗೊತ್ತಾಯಿತು. ಓಡಿ ಬಂದು ನೋಡಿದರೆ ಕುರ್ಚಿಯಲ್ಲಿ ಬೇಗಬೇಗ ಸಾರ್ ಕಣ್ಣು ಮುಚ್ಚಿ ಕೂತಿದ್ದರು. ಅವರಿಗೆ ಶೆಡ್ಡಿನಲ್ಲಿ ಸ್ಟೂಲೂ ಇಲ್ಲ, ಹತ್ತು ಗಂಟೆ ನಿಂತೇ ಇರುತ್ತಾರೆ ಎಂಬುದು ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕಣ್ಣು ತೆರೆದು, ಮೆಲ್ಲಗೆ, "ಖಾಲಿ ಬಿಟ್ಟು ಹೋಗ್ತೀರಲ್ರೀ, ಮ್ಯಾನೇಜರ್ ನೋಡಿದ್ರೆ ಏನ್ ಮಾಡ್ತಿದ್ರಿ?" ಎಂದು ನಮ್ಮನ್ನೇ ಬೈದರು. ಅಂದಿನಿಂದ ಮಧ್ಯಾಹ್ನದ ಸರದಿ ಅವರದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದೆ ತಪಾಸಣೆಗೆ ಆಳು ತೆಗೆದುಕೊಳ್ಳುವಾಗ ದಯವಿಟ್ಟು ಮರೆಗುಳಿಗಳನ್ನೇ ಆರಿಸಿ. ಕೊಡೆ, ಟೋಪಿ, ಒಂದು ಕಾಲಿನ ಚಪ್ಪಲಿ, ಏನು ಬಿಟ್ಟುಹೋದರೂ ನಾವು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ, ಹಲ್ಲಿನ ಸೆಟ್ಟು ಮಾತ್ರ ಬೇಡ, ಅದಕ್ಕೆ ಊಟದ ಹೊತ್ತಿಗೇ ಓಡಿ ಬರುತ್ತಾರೆ. ಇದು ಆಗದಿದ್ದರೆ ತಾವೇ ಒಮ್ಮೆ ಬನ್ನಿ, ಹೇಳದೆ ಬನ್ನಿ, ಬಂದು ವಾಪಸು ಹೋಗುವುದನ್ನು ಮರೆತುಬಿಡಿ. ಅದೂ ಆಗದಿದ್ದರೆ, ಹದಿನೈದು ದಿನದ ಅಂಗಿಯನ್ನು ಹತ್ತು ದಿನಕ್ಕೆ ಕೇಳುವ ತಮ್ಮದೇ ಕಂಪನಿಯ ಇನ್ನೊಂದು ವಿಭಾಗದವರಿಗೆ ಆ ಬಣ್ಣದ ಹಾಳೆಯದೊಂದು ಪ್ರತಿ ಕೊಡಿ. ಅವರ ಗೋಡೆಯಲ್ಲಿ ಸ್ವಲ್ಪ ತಗ್ಗಿಗೆ ಹಾಕಿಸಿ.

ಇನ್ನೂ ಬರೆಯುವುದಿತ್ತು. ಈ ಪತ್ರವನ್ನು ನಾನು ಆ ಕುರ್ಚಿಯಲ್ಲೇ ಕೂತು, ಪ್ಲಾಸ್ಟಿಕ್ಕಿಗೆ ಬೆನ್ನಾನಿಸಿ ಬರೆಯುತ್ತಿದ್ದೇನೆ, ಬಹಳ ಸುಖವಾಗಿದೆ, ತಾವು ಬರೆಸಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ತಂಗಿ ಕೈ ತೊಳೆದು ಬರುತ್ತಿದ್ದಾಳೆ, ಏಳಬೇಕು.

ಸದ್ಯಕ್ಕೆ ಎದ್ದು ನಿಂತಿರುವ,
ತಮ್ಮ ವಿಶ್ವಾಸಿ,
ಎರಡನೇ ಸಾಲಿನ ಗುಂಡಿಯಣ್ಣ

ಮರೆತ ಮಾತು: ಎರಡು ತಿಂಗಳಿಗೆ ತಂಗಿ ಹೆರಿಗೆಗೆ ಹೋಗುತ್ತಾಳೆ. ಆಮೇಲೂ ಕುರ್ಚಿ ಉಳಿಯಬೇಕಾದರೆ ನಮ್ಮ ಸಾಲಿನಲ್ಲಿ ಇನ್ನೊಬ್ಬರು ಬಸುರಿಯಾಗಬೇಕಾಗುತ್ತದೆ. ಅತ್ತೆಗೆ ಅರವತ್ತು, ನಾನು ಗಂಡಸು, ಮೂರನೇ ಮಷೀನಿನಲ್ಲಿರುವ ನನ್ನ ಹೆಂಡತಿ ಈ ವಿಷಯ ಎತ್ತಿದ್ದಕ್ಕೇ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ತಮ್ಮ ಉತ್ತರ ಅದಕ್ಕಿಂತ ಮುಂಚೆ ಬಂದರೆ ಒಂದು ಸಂಸಾರ ಉಳಿಯುತ್ತದೆ.